ಶಿರಸಿಯಿಂದ ಯಾಣ, ಯಾಣದಿಂದ ಗೋಕರ್ಣ: ನಡೆದು ಹೋಗುವವರು ರಾತ್ರಿ ಎಲ್ಲಿ ಉಳಿಯುವುದು?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಹಳೆಯ ಮಾತಿದೆ: ‘ಸೊಕ್ಕಿದ್ದವನು ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವನು ಗೋಕರ್ಣಕ್ಕೆ ಹೋಗ್ತಾನೆ.’ ಯಾಣದ ಕಾಡುದಾರಿಗೆ ಮೈಯಲ್ಲಿ ಕಸುವು ಬೇಕು, ಗೋಕರ್ಣದಲ್ಲಿ ಕಿಸೆಯಲ್ಲಿ ದುಡ್ಡು ಬೇಕು ಅಂತ. ನಮ್ಮ ಹತ್ತಿರ ಎರಡೂ ಅಷ್ಟಕ್ಕಷ್ಟೇ. ಆದರೂ ನಾವು ನಾಲ್ವರು ಗೆಳತಿಯರು ಶಿರಸಿಯಿಂದ ಹೊರಟು, ಯಾಣದ ಭೈರವೇಶ್ವರನಿಗೆ ಕೈಮುಗಿದು, ಘಟ್ಟ ಇಳಿದು ಗೋಕರ್ಣದ ಮಹಾಬಲೇಶ್ವರನವರೆಗೆ ಮೂರು ಸಲ ನಡೆದಿದ್ದೇವೆ. ಶಿವರಾತ್ರಿಯಲ್ಲಿ ಯಾಣದ ಬಂಡೆಯಿಂದ ತೊಟ್ಟಿಕ್ಕುವ ನೀರನ್ನು ಗೋಕರ್ಣದ ಅಭಿಷೇಕಕ್ಕೆ ಒಯ್ಯುವ ರೂಢಿ ಇದೆ. ನಾವು ನಡೆಯಲು ಹೊರಟಿದ್ದೂ ಆ ನೀರಿನ ಕಥೆ ಕೇಳಿಯೇ.

ಹೋಗಿಬಂದ ಮೇಲೆ ಯಾರೂ ‘ಹೇಗೆ ನಡೆದ್ರಿ?’ ಅಂತ ಕೇಳಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: ‘ರಾತ್ರಿ ಎಲ್ಲಿ ಮಲಗಿದ್ರಿ?’ ಸರಿಯಾದ ಪ್ರಶ್ನೆಯೇ. ಈ ದಾರಿಯಲ್ಲಿ ಕಾಲು ನೋಯುವುದಕ್ಕಿಂತ ಜಾಸ್ತಿ ತಲೆನೋವು ಕೊಡುವುದು ರಾತ್ರಿಯ ಸೂರು.

ಮೊದಲ ಸಲ ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೊಬೈಲ್ ಆ್ಯಪ್‌ನಲ್ಲಿ ಒಂದು ಹೋಮ್‌ಸ್ಟೇ ಸಿಕ್ಕಿತ್ತು. ಹೆಸರಿನಲ್ಲೇ ಯಾಣ ಇತ್ತು. ‘ಯಾಣದಿಂದ 4 ಕಿಲೋಮೀಟರ್’ ಅಂತಲೂ ಬರೆದಿತ್ತು. ಅದು ಹಕ್ಕಿ ಹಾರುವ ಲೆಕ್ಕ ಅಂತ ಗೊತ್ತಾಗಿದ್ದು ಸಂಜೆ ಆರು ಗಂಟೆಗೆ. ನಡುವೆ ಒಂದು ಗುಡ್ಡ, ಒಂದು ಹಳ್ಳ. ರಸ್ತೆಯಲ್ಲಿ ಸುತ್ತಿ ಹೋದರೆ ಮೂರು ಪಟ್ಟು ದೂರ. ಫೋನ್‌ಗೆ ಸಿಗ್ನಲ್ ಇಲ್ಲ. ಕತ್ತಲಾಗುತ್ತಿದ್ದಾಗ ಅಡಿಕೆ ಮೂಟೆ ಹೇರಿಕೊಂಡು ಹೋಗುತ್ತಿದ್ದ ಒಂದು ಪಿಕಪ್ ಸಿಕ್ಕಿ ಬಚಾವಾದೆವು. ಮೂಟೆಯ ಮೇಲೆ ಕೂತು ಹೋಗುವಾಗಲೇ ತೀರ್ಮಾನ ಮಾಡಿದೆವು: ಇನ್ನು ಮುಂದೆ ರಾತ್ರಿ ಎಲ್ಲಿ ಅನ್ನುವುದು ಮೊದಲು. ಹಗಲು ಎಷ್ಟು ನಡೆಯಬೇಕು ಅನ್ನುವುದು ಆಮೇಲೆ.

ನಕ್ಷೆಯಲ್ಲಿ ಕಾಣುವ ಊರು ಅಲ್ಲಿ ಇರುವುದಿಲ್ಲ

ಬಯಲುಸೀಮೆಯಿಂದ ಬರುವವರಿಗೆ ಇದು ಅರ್ಥವಾಗಲು ಒಂದು ದಿನ ಬೇಕು. ಹಾವೇರಿ, ಧಾರವಾಡದ ಕಡೆ ಊರು ಅಂದರೆ ಮನೆಗೆ ಮನೆ ಅಂಟಿಕೊಂಡ ಜಾಗ. ಊರ ಬಾಗಿಲಿಗೆ ಹೋದರೆ ಕಟ್ಟೆ ಇರುತ್ತದೆ, ಅಂಗಡಿ ಇರುತ್ತದೆ, ನಾಲ್ಕು ಜನ ಇರುತ್ತಾರೆ. ಶಿರಸಿ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಮನೆ ಇರುವುದು ತೋಟದ ತಲೆಯಲ್ಲಿ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಬೆಟ್ಟ, ಒಂದು ಹಳ್ಳ, ಹಳ್ಳ ದಾಟಲು ಒಂದು ಕಾಲುಸಂಕ. ನಕ್ಷೆಯಲ್ಲಿ ಊರಿನ ಹೆಸರು ಇರುವ ಕಡೆ ಹೋಗಿ ನಿಂತರೆ ಬಸ್ ಸ್ಟಾಪಿನ ಕಲ್ಲುಬೆಂಚು ಮಾತ್ರ ಕಾಣಬಹುದು. ಊರು ಅಲ್ಲಿಂದ ಎಂಟು ದಿಕ್ಕಿಗೆ ಚದುರಿರುತ್ತದೆ.

ಹಾಗಾಗಿ ‘ಇಂಥ ಊರಿಗೆ ಹೋಗಿ ಅಲ್ಲಿ ಕೇಳೋಣ’ ಅನ್ನುವ ಯೋಜನೆ ಇಲ್ಲಿ ನಡೆಯುವುದಿಲ್ಲ. ಊರಿನ ಹೆಸರಲ್ಲ, ಮನೆಯ ಹೆಸರು ಬೇಕು. ಮುಖ್ಯ ರಸ್ತೆಯಿಂದ ಒಳಗೆ ಎಷ್ಟು ದೂರ, ಎಡವೋ ಬಲವೋ, ದಣಪೆ, ಅಂದರೆ ಬೇಲಿಯ ಬಾಗಿಲು, ದಾಟಿದ ಮೇಲೆ ಏರೋ ಇಳಿಜಾರೋ, ಇದನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಮತ್ತೆ ನಮ್ಮವರು ‘ಇಲ್ಲೇ ಹತ್ರ’ ಅಂದರೆ ನಂಬಬೇಡಿ. ಅದು ಅರ್ಧ ಕಿಲೋಮೀಟರೂ ಆಗಬಹುದು, ನಾಲ್ಕೂ ಆಗಬಹುದು. ‘ನಡೆದ್ರೆ ಎಷ್ಟು ನಿಮಿಷ?’ ಅಂತ ಕೇಳಿ, ಬಂದ ಉತ್ತರವನ್ನು ಎರಡರಿಂದ ಗುಣಿಸಿ. ಅವರು ಹುಟ್ಟಿದಾಗಿನಿಂದ ಆ ಗುಡ್ಡ ಹತ್ತಿದವರು. ನೀವು ಬೆನ್ನಿಗೆ ಚೀಲ ಹಾಕಿಕೊಂಡವರು.

ಹಂತ 1: ತಿಂಗಳು ಮತ್ತು ದಿನ ನೋಡಿ

ನಡೆಯಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಬೇಡವೇ ಬೇಡ. ಉಂಬಳದ, ಅಂದರೆ ಜಿಗಣೆಯ ಕಾಟ ಬಿಡಿ, ಅದನ್ನು ಸುಣ್ಣ, ಉಪ್ಪು ಹಾಕಿ ಸಹಿಸಬಹುದು. ಗುಡ್ಡ ಜಾರುವುದನ್ನು ಸಹಿಸಲು ಆಗುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಬಿದ್ದದ್ದು ನೆನಪಿದೆ ಅಲ್ವಾ? ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟವೂ ಮಳೆಗಾಲದಲ್ಲಿ ಬಂದ್ ಆಗುವುದುಂಟು.

ಆ ನಾಲ್ಕು ತಿಂಗಳಲ್ಲೂ ಕೆಲವು ದಿನ ತಪ್ಪಿಸಬೇಕು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ: 2022, 2024, ಹೀಗೆ. ಫೆಬ್ರವರಿ ಕೊನೆ ಅಥವಾ ಮಾರ್ಚ್‌ನ ಆ ಒಂಬತ್ತು ದಿನ ಶಿರಸಿಯಲ್ಲಿ ರೂಮು ಹುಡುಕುವುದು ಸುಮ್ನೆ ಕಾಲಹರಣ. ನೆಂಟರ ಮನೆಯ ಅಟ್ಟದಲ್ಲೂ ಜಾಗ ಇರುವುದಿಲ್ಲ. ಶಿವರಾತ್ರಿಯಲ್ಲಿ ಯಾಣ, ಗೋಕರ್ಣ ಎರಡೂ ತುಂಬಿ ತುಳುಕುತ್ತವೆ. ಭಕ್ತಿಗಾಗಿ ಶಿವರಾತ್ರಿಗೇ ಹೋಗಬೇಕು ಅನ್ನುವವರು ಎರಡು ತಿಂಗಳು ಮೊದಲೇ ಗೋಕರ್ಣದ ರಾತ್ರಿಯನ್ನು ಗಟ್ಟಿ ಮಾಡಿಕೊಳ್ಳಿ. ಉಳಿದವರು ಶಿವರಾತ್ರಿ ಬಿಟ್ಟು ಬೇರೆ ಯಾವುದಾದರೂ ಸೋಮವಾರ ಮುಟ್ಟುವ ಹಾಗೆ ಹೊರಡಿ. ದೇವರು ಅವತ್ತೂ ಅಲ್ಲೇ ಇರುತ್ತಾನೆ. ವರ್ಷದ ಕೊನೆಯ ವಾರವೂ ಬೇಡ, ಆಗ ಗೋಕರ್ಣ ಯಾತ್ರಿಕರ ಊರಾಗಿರುವುದಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಇದೇ ತಿಂಗಳುಗಳಲ್ಲಿ ಘಟ್ಟದ ಮೇಲೆ ಅಡಿಕೆ ಕೊಯ್ಲು. ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುವವರು ಬರುವುದೇ ಅಪರೂಪ, ಬಂದ ದಿನ ಮನೆಮಂದಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಂಗಳ ತುಂಬ ಅಡಿಕೆ. ರಾತ್ರಿ ಹತ್ತರವರೆಗೆ ಸುಲಿಯುವ ಕೆಲಸ. ಅಂಥ ದಿನ ನಾಲ್ಕು ಜನ ನೆಂಟರ ಹಾಗೆ ಹೋಗಿ ನಿಂತರೆ ಅವರು ಬೇಡ ಅನ್ನುವುದಿಲ್ಲ, ಆದರೆ ನಮಗೇ ನಾಚಿಕೆಯಾಗುತ್ತದೆ. ಫೋನ್‌ನಲ್ಲೇ ‘ಕೊನೆ ಕೊಯ್ಲು ಯಾವಾಗ ಇಟ್ಕೊಂಡಿದ್ದೀರಿ?’ ಅಂತ ಕೇಳಿಬಿಡಿ. ಈ ಒಂದು ಪ್ರಶ್ನೆಗೆ ಆ ಕಡೆಯ ದನಿ ಮೆತ್ತಗಾಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಹಂತ 2: ದಾರಿಯನ್ನು ರಾತ್ರಿಗಳಾಗಿ ಕತ್ತರಿಸಿ

ಶಿರಸಿಯಿಂದ ಯಾಣ ಸುಮಾರು 40 ಕಿಲೋಮೀಟರ್. ಯಾಣದಿಂದ ಗೋಕರ್ಣ ಸುಮಾರು 50. ಒಟ್ಟು 90 ಅಂತ ಇಟ್ಟುಕೊಳ್ಳಿ. ದಿನಕ್ಕೆ 30 ನಡೆದು ಮೂರು ದಿನದಲ್ಲಿ ಮುಗಿಸುತ್ತೇನೆ ಅನ್ನುವ ಹುರುಪಿನವರು ಇದ್ದಾರೆ. ನನ್ನ ಮಾತು ಕೇಳುವುದಾದರೆ ಐದು ಹಗಲು, ಶಿರಸಿಯ ಹಿಂದಿನ ರಾತ್ರಿಯೂ ಸೇರಿ ಆರು ರಾತ್ರಿ. ದಿನಕ್ಕೆ 15ರಿಂದ 20 ಕಿಲೋಮೀಟರ್. ಸಂಜೆ ನಾಲ್ಕೂವರೆಗೆ ಮನೆ ಮುಟ್ಟಬೇಕು. ಚಳಿಗಾಲದಲ್ಲಿ ಸೂರ್ಯ ಮುಳುಗುವುದು ಆರರ ಮೇಲೆ, ಆದರೆ ಕಾಡಿನ ಕಣಿವೆಯಲ್ಲಿ ಐದಕ್ಕೇ ಬೆಳಕು ಸೋರಿಹೋಗುತ್ತದೆ.

ನಾವು ಕತ್ತರಿಸಿದ್ದು ಹೀಗೆ: ಶಿರಸಿ, ದೇವನಳ್ಳಿ–ಹೆಗಡೆಕಟ್ಟಾ ಕಡೆಯ ಒಂದು ಮನೆ, ಯಾಣದ ಆಸುಪಾಸು, ಕತಗಾಲ, ಮಿರ್ಜಾನ್, ಗೋಕರ್ಣ. ಮೊದಲು ಗಟ್ಟಿ ಮಾಡಬೇಕಾದ್ದು ಶಿರಸಿಯಲ್ಲ, ಯಾಣದ ರಾತ್ರಿ. ಆಯ್ಕೆ ತೀರಾ ಕಡಿಮೆ ಇರುವುದು ಅಲ್ಲೇ. ಅದು ಯಾವ ತಾರೀಖಿಗೆ ಸಿಗುತ್ತದೋ ಅದನ್ನು ನಡುವೆ ಮೊಳೆ ಹೊಡೆದ ಹಾಗೆ ಇಟ್ಟು, ಹಿಂದಿನ ಮುಂದಿನ ದಿನಗಳನ್ನು ಅದಕ್ಕೆ ಜೋಡಿಸಿ. ಕತಗಾಲ, ಮಿರ್ಜಾನ್‌ನಲ್ಲಿ ನಡಿಗೆ ನಿಂತರೂ ಮಲಗುವುದು ಕುಮಟಾದಲ್ಲಿ, ಅದನ್ನು ಮುಂದೆ ಹೇಳುತ್ತೇನೆ. ಶಿರಸಿ, ಕುಮಟಾದಲ್ಲಿ ಲಾಡ್ಜ್‌ಗಳಿಗೆ ಬರ ಇಲ್ಲ. ಅವು ಕೊನೆಗೆ.

ಹಂತ 3: ಯಾರನ್ನು ಕೇಳುವುದು

ಆ್ಯಪ್ ನೋಡಬೇಡಿ ಅನ್ನುವುದಿಲ್ಲ. ನೋಡಿ, ಫೋನ್ ನಂಬರ್ ತೆಗೆದುಕೊಳ್ಳಿ, ಆಮೇಲೆ ಆ್ಯಪ್ ಮುಚ್ಚಿ ನೇರವಾಗಿ ಫೋನ್ ಮಾಡಿ. ಅಲ್ಲಿರುವ ಹೋಮ್‌ಸ್ಟೇಗಳು ಕಾರಿನಲ್ಲಿ ಬರುವವರಿಗಾಗಿ ಇರುವಂಥವು. ನಡೆದು ಬರುವವರು ಅಂದ ತಕ್ಷಣ ಮಾತೇ ಬೇರೆ. ಒಬ್ಬರು ‘ನಿಮಗೆ ದೂರ ಆಗ್ತದೆ, ರಸ್ತೆ ಪಕ್ಕ ನಮ್ಮ ಭಾವನ ಮನೆ ಇದೆ’ ಅಂತ ತಾವೇ ಬೇರೆ ನಂಬರ್ ಕೊಟ್ಟರು. ಆ್ಯಪ್ ಈ ಕೆಲಸ ಮಾಡುವುದಿಲ್ಲ.

ಹಳ್ಳಿ ಕಡೆ ಕೇಳಲು ಒಳ್ಳೆಯ ಜಾಗ ಸೇವಾ ಸಹಕಾರಿ ಸಂಘ, ನಮ್ಮ ಮಾತಿನಲ್ಲಿ ‘ಸೊಸೈಟಿ’. ಈ ಸೀಮೆಯಲ್ಲಿ ಸೊಸೈಟಿ ಇಲ್ಲದ ಪಂಚಾಯತಿ ಹುಡುಕಬೇಕು. ಅಡಿಕೆ ಸಾಲದಿಂದ ಸೀಮೆಎಣ್ಣೆಯವರೆಗೆ ಎಲ್ಲರೂ ಬರುವ ಜಾಗ. ಯಾರ ಮನೆಯಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿ ನಾಲ್ಕು ಕೋಣೆ ಖಾಲಿ ಬಿದ್ದಿವೆ ಅನ್ನುವುದು ಅಲ್ಲಿಯ ಕೌಂಟರ್‌ನಲ್ಲಿ ಕೂತವರಿಗೆ ಬಾಯಿಪಾಠ. ಹಾಲಿನ ಡೇರಿಯವರು, ಅಂಚೆಯಣ್ಣ, ಆ ಮಾರ್ಗದ ಬಸ್ಸಿನ ಕಂಡಕ್ಟರ್, ಇವರಿಗೂ ಗೊತ್ತಿರುತ್ತದೆ. ಶಿರಸಿಯಲ್ಲಿ 1923ರಿಂದ ಇರುವ ತೋಟಗಾರ್ಸ್ ಸೊಸೈಟಿ, ಅಂದರೆ ಟಿಎಸ್‌ಎಸ್‌ನ ಅಂಗಡಿಗೆ ಹೊರಡುವ ಮೊದಲು ಸಾಮಾನು ಕೊಳ್ಳಲು ಹೇಗೂ ಹೋಗುತ್ತೀರಿ. ನಮ್ಮ ಎರಡನೇ ಯಾತ್ರೆಯ ಮೊದಲ ರಾತ್ರಿಯ ಮನೆ ಸಿಕ್ಕಿದ್ದು ಅಲ್ಲಿ ಬಿಲ್ಲಿನ ಸಾಲಿನಲ್ಲಿ ಮುಂದೆ ನಿಂತಿದ್ದ ಅಮ್ಮನಿಂದ.

ಫೋನ್ ಮಾಡುವ ಹೊತ್ತೂ ಮುಖ್ಯ. ಬೆಳಗ್ಗೆ ಹಾಲು ಕರೆಯುವ ಹೊತ್ತು ಬೇಡ, ಪೂಜೆ ಹೊತ್ತು ಬೇಡ. ಮಧ್ಯಾಹ್ನ ಊಟವಾಗಿ ಒಂದು ನಿದ್ದೆ ಮುಗಿದ ಮೇಲೆ ಮೂರೂವರೆ, ಅಥವಾ ರಾತ್ರಿ ಎಂಟರ ನಂತರ. ತೋಟದ ಮನೆಗಳಲ್ಲಿ ಮೊಬೈಲ್‌ಗೆ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಸ್ಥಿರ ದೂರವಾಣಿ ಇದ್ದರೆ ಆ ನಂಬರನ್ನೂ ಕೇಳಿ ಇಟ್ಟುಕೊಳ್ಳಿ.

ಏನು ಹೇಳಬೇಕು? ನಾನು ಹೇಳುವುದು ಇಷ್ಟು: ‘ನಮಸ್ಕಾರ. ನಾವು ನಾಲ್ಕು ಜನ ಹೆಂಗಸರು, ಶಿರಸಿಯಿಂದ ಯಾಣ, ಗೋಕರ್ಣಕ್ಕೆ ನಡೆದು ಹೋಗ್ತಾ ಇದ್ದೇವೆ. ಇಂಥ ತಾರೀಖು ಸಂಜೆ ನಾಲ್ಕೂವರೆಗೆ ಬಂದು ಬೆಳಗ್ಗೆ ಏಳಕ್ಕೆ ಹೊರಡ್ತೇವೆ. ಮಲಗಲು ಜಾಗ, ಸ್ನಾನಕ್ಕೆ ಬಿಸಿನೀರು, ರಾತ್ರಿ ಊಟ, ಬೆಳಗ್ಗೆ ತಿಂಡಿ ಆಗ್ತದಾ? ಒಬ್ಬರಿಗೆ ಎಷ್ಟು ಕೊಡಬೇಕು?’ ದುಡ್ಡಿನ ಮಾತನ್ನು ಮೊದಲೇ ಆಡಿ. ಹೋಮ್‌ಸ್ಟೇ ಬೋರ್ಡ್ ಇಲ್ಲದ ಮನೆಯವರು ‘ಅಯ್ಯೋ, ದುಡ್ಡೆಲ್ಲ ಎಂತಕೆ’ ಅನ್ನುತ್ತಾರೆ. ಅದನ್ನು ಒಪ್ಪಿಕೊಂಡರೆ ಎರಡನೇ ಸಲ ಆ ಮನೆಗೆ ಫೋನ್ ಮಾಡಲು ನಿಮಗೇ ಬಾಯಿ ಬರುವುದಿಲ್ಲ. ಹೊರಡುವಾಗ ದೇವರ ಮುಂದೆ ಇಟ್ಟು ಬನ್ನಿ, ಅಥವಾ ಅಜ್ಜಿಯ ಕೈಯಲ್ಲಿ. ನಗದೇ ಇರಲಿ. ಸಿಗ್ನಲ್ ಇಲ್ಲದ ಕಡೆ ಫೋನ್ ಪೇ ನಡೆಯುವುದಿಲ್ಲ.

ಎರಡು ದಿನ ಮೊದಲು ಮತ್ತೊಮ್ಮೆ ಫೋನ್ ಮಾಡಿ. ಆ ದಿನ ಬೆಳಗ್ಗೆ ಹೊರಡುವಾಗ ಇನ್ನೊಮ್ಮೆ. ಇದು ಹೆಚ್ಚಾಯಿತು ಅನ್ನಿಸಿದರೆ, ಸಂಜೆ ಮಡಕೆ ಏರಿಸಿದ ಒಲೆಯ ಮುಂದೆ ನಾಲ್ಕು ಜನರ ಅನ್ನ ಇಟ್ಟುಕೊಂಡು ದಾರಿ ನೋಡುವವರನ್ನು ನೆನಪಿಸಿಕೊಳ್ಳಿ. ಬರುವುದಿಲ್ಲವಾದರೆ ಅದನ್ನೂ ಹೇಳಿ.

ಹಂತ 4: ಒಂದೊಂದೇ ರಾತ್ರಿ

ಶಿರಸಿಯ ಬಗ್ಗೆ ಜಾಸ್ತಿ ಹೇಳಬೇಕಾದ್ದಿಲ್ಲ. ಬಸ್ ಸ್ಟ್ಯಾಂಡಿನ ಸುತ್ತ ಲಾಡ್ಜ್‌ಗಳಿವೆ. ಕಾರವಾರ, ಅಂಕೋಲಾ ಕಡೆಯಿಂದ ಬರುವವರು ರೈಲಿನಲ್ಲಿ ಕುಮಟಾಕ್ಕೆ ಬಂದು ಅಲ್ಲಿಂದ ಬಸ್ ಹಿಡಿದರೆ ಮಧ್ಯಾಹ್ನದೊಳಗೆ ಶಿರಸಿ. ಮಾರಿಕಾಂಬೆಗೆ ಹಣ್ಣುಕಾಯಿ ಮಾಡಿಸಿ, ಬೇಗ ಮಲಗಿ.

ದಿನ ಇನ್ನೂ ಇದೆ, ಕಾಲು ಹೇಗಿದೆ ನೋಡೋಣ ಅನ್ನುವವರು ಹಿಂದಿನ ವಾರಾಂತ್ಯ ಶಿರಸಿಯಿಂದ ಸೋಂದಾಕ್ಕೆ ನಡೆದು ಅಲ್ಲೊಂದು ರಾತ್ರಿ ಉಳಿದು ಬನ್ನಿ. ಶಾಲ್ಮಲಾ ಹೊಳೆಯ ಸಹಸ್ರಲಿಂಗ ಅದೇ ಕಡೆ. ಸ್ವರ್ಣವಲ್ಲೀ ಮಠ ಇದೆ, ವಾದಿರಾಜರ ವೃಂದಾವನ ಇರುವ ಸೋದೆ ಮಠ ಇದೆ. ಮಠದಲ್ಲಿ ಉಳಿಯುವ ರೀತಿ ಇಲ್ಲೇ ಕಲಿಯಬಹುದು: ಮೊದಲು ಕಚೇರಿಗೆ ಫೋನ್, ಬಂದ ಮೇಲೆ ಕಚೇರಿಯಲ್ಲಿ ಹೆಸರು, ಆಧಾರ್ ಕಾರ್ಡ್, ಊಟದ ಹೊತ್ತಿಗೆ ಸರಿಯಾಗಿ ಹಾಜರು, ಎಲೆಯಲ್ಲಿ ಬಿಡಬಾರದು, ರಾತ್ರಿ ಗದ್ದಲ ಇಲ್ಲ. ಬಾಡಿಗೆ ಅಂತ ಕಡಿಮೆ ತೆಗೆದುಕೊಂಡರೂ ಕಾಣಿಕೆ ಹಾಕದೆ ಬರಬೇಡಿ.

ಮೊದಲ ನಡಿಗೆಯ ರಾತ್ರಿ ದೇವನಳ್ಳಿ, ಹೆಗಡೆಕಟ್ಟಾ ಸುತ್ತಲಿನ ತೋಟದ ಮನೆ. ನನ್ನ ಮಟ್ಟಿಗೆ ಇಡೀ ಯಾತ್ರೆಯ ಸುಖದ ರಾತ್ರಿ ಇದೇ. ಹೋದ ತಕ್ಷಣ ಕೈಕಾಲು ತೊಳೆಯಲು ನೀರು, ಜಗುಲಿಯಲ್ಲಿ ಚಾಪೆ, ‘ಆಸರಿಗೆ ಎಂತ ಅಡ್ಡಿಲ್ಲೆ?’ ಅನ್ನುವ ಪ್ರಶ್ನೆ. ಆಸರಿ ಅಂದರೆ ಬಾಯಾರಿಕೆಗೆ ಕುಡಿಯಲು ಏನಾದರೂ. ಬೆಲ್ಲ–ನೀರು, ಮಜ್ಜಿಗೆ, ಕಷಾಯ, ಯಾವುದಾದರೂ ಒಂದು ಹೇಳಿ. ಸಂಕೋಚಕ್ಕೆ ‘ಏನೂ ಬೇಡ’ ಅಂದರೆ ಅವರಿಗೆ ಬೇಜಾರು. ಬಚ್ಚಲಲ್ಲಿ ಹಂಡೆ ತುಂಬ ಕುದಿಯುವ ನೀರು. ಊಟಕ್ಕೆ ತಂಬುಳಿ, ಅಪ್ಪೆಹುಳಿ. ಕಾಲುನೋವಿಗೆ ಆ ಹಂಡೆಯ ನೀರಿಗಿಂತ ದೊಡ್ಡ ಔಷಧ ನನಗೆ ಗೊತ್ತಿಲ್ಲ.

ಆದರೆ ಇದು ಮನೆ, ಲಾಡ್ಜ್ ಅಲ್ಲ. ಅಡುಗೆಮನೆ, ದೇವರ ಕೋಣೆಯ ಹತ್ತಿರ ಕೇಳದೆ ಹೋಗಬೇಡಿ. ಕೆಲವು ಮನೆಗಳಲ್ಲಿ ಮುಟ್ಟಿನ ದಿನಗಳ ಕಟ್ಟು ಇನ್ನೂ ಇದೆ. ನಮ್ಮಲ್ಲಿ ಒಬ್ಬಳಿಗೆ ದಾರಿಯ ಎರಡನೇ ದಿನವೇ ಶುರುವಾಗಿ, ಹೇಳಬೇಕೋ ಬೇಡವೋ ಅಂತ ಒದ್ದಾಡಿದ್ದೇ ಒದ್ದಾಡಿದ್ದು. ಕೊನೆಗೆ ಮನೆಯೊಡತಿಯ ಕಿವಿಯಲ್ಲಿ ಹೇಳಿದರೆ ‘ಹೊರಗಿನ ಕೋಣೆಯಲ್ಲಿ ಮಲಗು ಮಗಾ, ಬಿಸಿನೀರಿನ ಬ್ಯಾಗ್ ಕೊಡ್ತೆ’ ಅಂದರು. ಕಟ್ಟಿನ ಬಗ್ಗೆ ನನಗೆ ನನ್ನದೇ ತಕರಾರು ಇದೆ. ಅದನ್ನು ಅಲ್ಲಿ ತೆಗೆಯಲಿಲ್ಲ. ನಿಮಗೆ ಇದು ಕಿರಿಕಿರಿ ಅನ್ನಿಸುವುದಾದರೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಬಚ್ಚಲು ಇರುವ ನೋಂದಾಯಿತ ಹೋಮ್‌ಸ್ಟೇಯನ್ನೇ ಹುಡುಕಿ.

ಯಾಣದ ರಾತ್ರಿ ಕಠಿಣ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಈ ಕಪ್ಪು ಬಂಡೆಗಳ ಬುಡದಲ್ಲಿ ಲಾಡ್ಜ್ ಹುಡುಕಬೇಡಿ. ಅದು ಅರಣ್ಯ. ಅನುಮತಿ ಇಲ್ಲದೆ ಕಾಡಿನಲ್ಲಿ ಟೆಂಟ್ ಹಾಕುವುದು ಅಪರಾಧ, ಬೆಂಕಿ ಹಾಕುವುದಂತೂ ಇನ್ನೂ ದೊಡ್ಡದು. ಉಳಿಯುವುದಾದರೆ ಸುತ್ತಲಿನ ಹಳ್ಳಿಮನೆಗಳಲ್ಲಿ, ಮೊದಲೇ ಹೇಳಿಟ್ಟು. ಸಂಜೆ ಬಂದು ಮನೆಯಲ್ಲಿ ಉಳಿದು, ಬೆಳಗ್ಗೆ ಕಾರು–ಬಸ್ಸಿನ ಜನ ಬರುವ ಮೊದಲು ದರ್ಶನ ಮಾಡಿದರೆ ಆ ಬಂಡೆಯ ಕೆಳಗೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಇರುತ್ತದೆ. ಬಂಡೆಯ ಮೇಲೆ ಹೆಜ್ಜೇನು ಕಟ್ಟಿರುತ್ತದೆ, ಹೊಗೆ, ಕೂಗಾಟ ಬೇಡ.

ಮನೆ ಸಿಗದಿದ್ದರೆ? ಆಗ ನಮ್ಮ ಎರಡನೇ ಉಪಾಯ, ‘ನಡಿಗೆ ನಿಂತ ಜಾಗ’. ಆ ದಿನದ ನಡಿಗೆ ಎಲ್ಲಿ ನಿಂತಿತೋ ಅಲ್ಲೊಂದು ಗುರುತು ಮಾಡಿಕೊಳ್ಳಿ: ಮೈಲುಗಲ್ಲು, ಸಂಕ, ಅಂಗಡಿ. ಅಲ್ಲಿಂದ ಬಸ್ಸೋ ರಿಕ್ಷಾವೋ ಹಿಡಿದು ಲಾಡ್ಜ್ ಇರುವ ಊರಿಗೆ ಹೋಗಿ ಮಲಗಿ. ಬೆಳಗ್ಗೆ ಅದೇ ಜಾಗಕ್ಕೆ ವಾಪಸ್ ಬಂದು ಅಲ್ಲಿಂದ ನಡೆಯಿರಿ. ಒಂದು ಹೆಜ್ಜೆಯೂ ತಪ್ಪುವುದಿಲ್ಲ. ಇದು ಮೋಸ ಅನ್ನುವವರು ಇದ್ದಾರೆ. ಇರಲಿ. ಸರಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದಾಗಿ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ, ಆಧಾರ್ ಕಾರ್ಡ್ ಕೈಯಲ್ಲಿದ್ದರೆ ಸಾಕು. ಒಂದೇ ಎಚ್ಚರ: ಒಳರಸ್ತೆಗೆ ಬಸ್ ದಿನಕ್ಕೆ ಒಂದೋ ಎರಡೋ. ಕೊನೆಯ ಬಸ್ಸಿನ ಹೊತ್ತನ್ನು ಹಿಂದಿನ ರಾತ್ರಿಯ ಮನೆಯಲ್ಲೇ ಕೇಳಿ ತಿಳಿದಿರಿ. ಗೂಗಲ್‌ಗೆ ಅದು ಗೊತ್ತಿಲ್ಲ.

ಈ ಉಪಾಯ ಹೆಚ್ಚು ಕೆಲಸಕ್ಕೆ ಬರುವುದು ಘಟ್ಟದ ಕೆಳಗೆ. ಯಾಣದಿಂದ ಆನೆಗುಂದಿ ಕಡೆ ಇಳಿದು ಶಿರಸಿ–ಕುಮಟಾ ರಸ್ತೆ ಸೇರಿ ಕತಗಾಲಕ್ಕೆ ಬಂದಾಗ ಸೆಕೆ ಶುರುವಾಗಿರುತ್ತದೆ. ಘಟ್ಟದ ಮೇಲೆ ಹೊದ್ದ ಕಂಬಳಿ ಇಲ್ಲಿ ಭಾರ. ಕತಗಾಲದಲ್ಲಿ ಚಿಕ್ಕ ಪೇಟೆ ಇದೆ, ಚಹಾ ಸಿಗುತ್ತದೆ, ಆದರೆ ಉಳಿಯಲು ಕುಮಟಾಕ್ಕೆ ಬಸ್ ಹತ್ತುವುದೇ ಸರಿ. ಕುಮಟಾದಲ್ಲಿ ಎಲ್ಲ ದರದ ಲಾಡ್ಜ್ ಇವೆ. ಅಲ್ಲೇ ಎರಡು ರಾತ್ರಿ ಒಂದೇ ರೂಮು ಹಿಡಿದರೆ ದೊಡ್ಡ ಚೀಲ ಅಲ್ಲೇ ಬಿಟ್ಟು ಹಗುರವಾಗಿ ನಡೆಯಬಹುದು. ಒಂದು ದಿನ ಕತಗಾಲದಿಂದ ದೀವಗಿ, ಅಘನಾಶಿನಿ ಸೇತುವೆ ದಾಟಿ ಮಿರ್ಜಾನ್. ಕೋಟೆ ನೋಡಿ, ಸಂಜೆ ಬಸ್ಸಿನಲ್ಲಿ ಮತ್ತೆ ಕುಮಟಾ. ಮೂರನೇ ಸಲ ನಾವು ಮಾಡಿದ್ದು ಹೀಗೇ, ಭುಜ ಉಳಿಯಿತು.

ದೀವಗಿಯಿಂದ ಮಾದನಗೇರಿಯವರೆಗೆ ರಾಷ್ಟ್ರೀಯ ಹೆದ್ದಾರಿ 66. ಮೀನಿನ ಲಾರಿಗಳ ಪಕ್ಕ ನಡೆಯುವುದು ಯಾತ್ರೆಯಂತೆ ಅನ್ನಿಸುವುದಿಲ್ಲ. ಬೆಳಗ್ಗೆ ಆರಕ್ಕೇ ಹೊರಟು ಎದುರು ಬರುವ ವಾಹನಗಳಿಗೆ ಮುಖ ಮಾಡಿ ಅಂಚಿನಲ್ಲಿ ನಡೆದು ಬೇಗ ಮುಗಿಸಿ. ಹಿರೇಗುತ್ತಿಯಲ್ಲಿ ತಿಂಡಿ, ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದರೆ ಗೋಕರ್ಣ ಹತ್ತು ಕಿಲೋಮೀಟರ್ ಒಳಗೆ.

ಸರಕಾರಿ ಬಂಗಲೆ, ಶಾಲೆ, ಸಭಾಭವನ

ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ, ಅಂದರೆ ಐಬಿ, ತಾಲೂಕು ಊರುಗಳಲ್ಲಿ ಇದೆ. ಇಲಾಖೆಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳಬಹುದು. ಆದರೆ ಯಾರಾದರೂ ಸಾಹೇಬರು ಬಂದರೆ ನಿಮ್ಮ ರೂಮು ಅವರದ್ದು. ಹಾಗಾಗಿ ಅದನ್ನೇ ನಂಬಿ ನಡೆಯಬೇಡಿ.

ಹತ್ತಕ್ಕಿಂತ ಜಾಸ್ತಿ ಜನ ಇದ್ದರೆ ಮನೆಗಳಿಗೆ ಹೊರೆ. ಆಗ ದೇವಸ್ಥಾನದ ಸಭಾಭವನ, ಭಜನಾ ಮಂದಿರ, ಸಮುದಾಯ ಭವನ ಕೇಳಿ. ಶಾಲೆಯ ಜಗುಲಿ ಬೇಕಾದರೆ ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರನ್ನೂ ಕೇಳಬೇಕು, ಅದೂ ರಜೆಯ ದಿನ. ಮದುವೆ ಮುಹೂರ್ತದ ದಿನ ಸಭಾಭವನದ ಆಸೆ ಬಿಡಿ. ಯಕ್ಷಗಾನ ಇರುವ ರಾತ್ರಿ ಸಿಕ್ಕಿದರೆ ಮಾತ್ರ ಬಿಡಬೇಡಿ. ನಿದ್ದೆ ಹೋಗುತ್ತದೆ, ಹೋಗಲಿ. ಮೂರು ಗಂಟೆಗೆ ರಾಕ್ಷಸನ ಪ್ರವೇಶವಾಗುವಾಗ ಯಾರಿಗೆ ಕಾಲುನೋವು ನೆನಪಾಗುತ್ತದೆ? ಮರುದಿನದ ನಡಿಗೆಯನ್ನು ಅರ್ಧ ಮಾಡಿ.

ಮಲಗುವ ಜಾಗ ನೋಡುವ ಕಣ್ಣು

ನಮ್ಮ ಕಡೆ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಭಯ ಇರುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಹರಡುವುದು ಉಣ್ಣಿಯಿಂದ, ನಮ್ಮ ಮಾತಿನಲ್ಲಿ ಉಣಗು. ಹಾಗಾಗಿ ದರಕಿನ ಮೇಲೆ, ಅಂದರೆ ಒಣ ಎಲೆಯ ರಾಶಿಯ ಮೇಲೆ, ‘ಎಷ್ಟು ಮೆತ್ತಗಿದೆ’ ಅಂತ ಮಧ್ಯಾಹ್ನದ ನಿದ್ದೆಗೆ ಬೀಳಬೇಡಿ. ಕೊಟ್ಟಿಗೆಗೆ ತಂದು ಹಾಕಿದ ದರಕಿನ ಪಕ್ಕವೂ ಬೇಡ. ಉಳಿಯುವ ಮನೆಗೆ ಫೋನ್ ಮಾಡುವಾಗ ‘ಈ ವರ್ಷ ಮಂಗ ಸತ್ತಿದ್ದು ಕಂಡಿದ್ದಾ?’ ಅಂತ ಕೇಳಿ. ಕಂಡಿದೆ ಅಂದರೆ ದಾರಿ ಬದಲಿಸಿ. ಆರೋಗ್ಯ ಕೇಂದ್ರದಲ್ಲಿ ಉಣ್ಣಿ ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಕೊಡುತ್ತಾರೆ. ಸಂಜೆ ಸ್ನಾನ ಮಾಡುವಾಗ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿ ನೋಡಿಕೊಳ್ಳಿ. ನಡೆದ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯದೆ ಬಿಸಿನೀರಿಗೆ ಹಾಕಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ‘ಕಾಡಿನಲ್ಲಿ ನಡೆದಿದ್ದೆ’ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಉಳಿದಂತೆ: ಟಾರ್ಚ್ ಇಲ್ಲದೆ ರಾತ್ರಿ ಬಚ್ಚಲಿಗೆ ಹೋಗಬೇಡಿ, ಹಾವು ಇರುತ್ತದೆ. ಬೂಟನ್ನು ಬೆಳಗ್ಗೆ ಕೊಡವಿ ಹಾಕಿ. ನಾಯಿ ಕಟ್ಟಿದ್ದಾರಾ ಅಂತ ದಣಪೆಯಲ್ಲೇ ನಿಂತು ಕೂಗಿ ಕೇಳಿ. ವಿದೇಶಿ ಗೆಳೆಯರು ಜೊತೆಗಿದ್ದರೆ ಉಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ಸರಕಾರಕ್ಕೆ ಕೊಡಬೇಕು. ಹಾಗಾಗಿ ನೋಂದಾಯಿತ ಹೋಮ್‌ಸ್ಟೇ ಅಥವಾ ಲಾಡ್ಜ್ ನೋಡಿ, ಸಾಮಾನ್ಯ ಮನೆಯವರನ್ನು ಸಿಕ್ಕಿಸಬೇಡಿ.

ಗೋಕರ್ಣ

ಇಲ್ಲಿ ರೂಮಿಗೆ ಕೊರತೆ ಇಲ್ಲ, ಯಾವ ರೂಮು ಅನ್ನುವುದೇ ಪ್ರಶ್ನೆ. ಓಂ ಬೀಚ್, ಕುಡ್ಲೆ ಕಡೆಯ ಗುಡಿಸಲುಗಳು ಸಮುದ್ರಕ್ಕೆ ಬಂದವರಿಗೆ. ಅಲ್ಲಿ ರಾತ್ರಿ ಪಾರ್ಟಿ, ಬೆಳಗ್ಗೆ ದೇವಸ್ಥಾನಕ್ಕೆ ಮತ್ತೆ ಗುಡ್ಡ ಹತ್ತಿಳಿಯಬೇಕು. ಐದು ದಿನ ನಡೆದ ಕಾಲಿಗೆ ಅದು ಬೇಡ. ರಥಬೀದಿ, ಕೋಟಿತೀರ್ಥದ ಸುತ್ತ ನೋಡಿ. ಅಪರಕರ್ಮ, ಪೂಜೆಗೆ ಬರುವವರನ್ನು ಪುರೋಹಿತರು ತಮ್ಮ ಮನೆಯಲ್ಲೇ ಉಳಿಸಿಕೊಳ್ಳುವ ಪದ್ಧತಿ ಗೋಕರ್ಣದಲ್ಲಿ ಹಿಂದಿನಿಂದಲೂ ಇದೆ. ನಿಮ್ಮ ಮನೆತನಕ್ಕೆ ಅಲ್ಲಿ ಪುರೋಹಿತರು ಇದ್ದಾರಾ ಅಂತ ಮನೆಯ ಹಿರಿಯರನ್ನು ಕೇಳಿ. ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನನ್ನ ಅಜ್ಜನ ಹಳೆಯ ಡೈರಿಯಲ್ಲಿ ಒಂದು ಮನೆಯ ಹೆಸರು ಸಿಕ್ಕಿ, ಹೋಗಿ ಬಾಗಿಲು ತಟ್ಟಿದರೆ ಮೊಮ್ಮಗ ಬಂದು ಬಾಗಿಲು ತೆಗೆದರು. ‘ನಿಮ್ಮ ಅಜ್ಜ ಕಾರವಾರದವರಾ?’ ಅಂದರು.

ರೂಮು ಹಿಡಿಯುವಾಗ ಎರಡು ಕೇಳಿ: ಒದ್ದೆ ಬಟ್ಟೆ ಒಣಗಿಸಲು ಜಾಗ ಇದೆಯಾ, ಬೆಳಗ್ಗೆ ಐದಕ್ಕೆ ಬಾಗಿಲು ತೆಗೆಯುತ್ತಾರಾ. ಸಮುದ್ರಸ್ನಾನ, ಕೋಟಿತೀರ್ಥ ಮುಗಿಸಿ ದರ್ಶನಕ್ಕೆ ಹೋಗುವವರಿಗೆ ಈ ಎರಡೇ ಮುಖ್ಯ. ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದು ಒಳಗೆ ಹೋಗಬೇಕು, ಚೀಲದ ತಳದಲ್ಲಿ ಒಂದು ಪಂಚೆ ಇರಲಿ. ವಾಪಸ್ ಹೋಗಲು ಗೋಕರ್ಣ ರೋಡ್ ಸ್ಟೇಷನ್ನು ಊರಿಂದ ಹತ್ತಿರ ಹತ್ತು ಕಿಲೋಮೀಟರ್ ದೂರ. ರಿಕ್ಷಾವನ್ನು ಹಿಂದಿನ ದಿನವೇ ಹೇಳಿಡಿ.

ರೂಮಿಗೆ ಬಂದು ಚೀಲ ಇಳಿಸಿದ ಮೇಲೆ, ಸ್ನಾನಕ್ಕೆ ಹೋಗುವ ಮೊದಲು, ದಾರಿಯಲ್ಲಿ ಉಳಿದ ಎಲ್ಲ ಮನೆಗಳಿಗೂ ಒಂದು ಫೋನ್ ಮಾಡಿ: ‘ಮುಟ್ಟಿದೆವು.’ ಮೊದಲ ಸಲ ನಾವು ಮರೆತಿದ್ದೆವು. ರಾತ್ರಿ ಒಂಬತ್ತಕ್ಕೆ ದೇವನಳ್ಳಿ ಕಡೆಯ ಮನೆಯಿಂದಲೇ ಫೋನ್ ಬಂತು. ಅಂಗಳದ ಮೂಲೆಯಲ್ಲಿ ನಿಂತು ಮಾತಾಡುತ್ತಿದ್ದರು ಅನ್ನಿಸುತ್ತದೆ, ದನಿ ಬಿಟ್ಟು ಬಿಟ್ಟು ಬರುತ್ತಿತ್ತು. ‘ಮುಟ್ಟಿದ್ರಾ? ಅಮ್ಮ ಊಟಕ್ಕೆ ಏಳ್ತಾ ಇಲ್ಲೆ, ಕೇಳು ಹೇಳಿ ಕೂತಿದ್ದು.’